ಶಬ್ದದ ಮಿತಿಯೂ ಗಾನದ ಔಚಿತ್ಯವೂ

ಅಂಕೀಯ ಧ್ವನಿಮುದ್ರಣದಲ್ಲಿ ಶೂನ್ಯ ಡೆಸಿಬಲ್ಲೇ ಶಬ್ದದ ಪರಮಾವಧಿಯು. ಅದನ್ನು ಮೀರಿದ ತರಂಗದ ಶಿಖರವು ಕತ್ತರಿಸಿಹೋಗಿ ನಾದವು ಒಡಕಾಗುವುದು. ಇದನ್ನು ತಡೆಯಲು ಮಾಸ್ಟರಿಂಗ್ ಎಂಬ ಕಡೆಯ ಸಂಸ್ಕಾರದಲ್ಲಿ ಎರಡು ಸಾಧನಗಳುಂಟು. ಕಂಪ್ರೆಸರು ಗೊತ್ತುಮಾಡಿದ ಮಟ್ಟವನ್ನು ಮೀರಿದ ಶಬ್ದವನ್ನು ಪ್ರಮಾಣಾನುಸಾರವಾಗಿ ತಗ್ಗಿಸುವುದು. 4ಕ್ಕೆ 1ರಂತೆ ಇಟ್ಟರೆ 8 ಡೆಸಿಬಲ್ ಮೀರಿದುದು 2 ಮಾತ್ರ ಮೀರಿ ನಿಲ್ಲುವುದು. ಲಿಮಿಟರಾದರೋ ಎಲ್ಲೆಯನ್ನು ದಾಟಗೊಡದು.

ಹದವರಿತು ಬಳಸಿದರೆ ಇವು ಹಿತಕರವೇ. ಆದರೆ ಶಿಖರಗಳನ್ನು ಒತ್ತಿ, ಉಳಿದುದನ್ನೆಲ್ಲ ಎತ್ತಿ, ಅನ್ಯರಿಗಿಂತ ಗಟ್ಟಿಯಾಗಿ ಕೇಳಿಸಬೇಕೆಂಬ ಪೈಪೋಟಿಗಿಳಿದರೆ ಕಾವಲುಗಾರನೇ ಕಳ್ಳನಾಗುವನು. ಅಮೆರಿಕದ ಮೆಟಾಲಿಕಾ ಮೇಳದ 'ಡೆತ್ ಮ್ಯಾಗ್ನೆಟಿಕ್' (2008) ಇದಕ್ಕೆ ನಿದರ್ಶನವು. ವಾದನದಲ್ಲಿ ಕಸುವಿದೆ, ಆದರೆ ಸಿ.ಡಿ.ಯಲ್ಲಿ ಡ್ರಮ್ಮಿನ ಪೆಟ್ಟು ಚಪ್ಪಟೆಯಾಗಿ, ಒಡಕುದನಿಯು ಕಿವಿಯನ್ನು ದಣಿಸುವುದು. ಇವೇ ಹಾಡುಗಳು 'ಗಿಟಾರ್ ಹೀರೋ' ಎಂಬ ಆಟಕ್ಕಾಗಿ ಅಷ್ಟು ಒತ್ತಡವಿಲ್ಲದೆ ಸಿದ್ಧವಾದಾಗ ಏರಿಳಿತಗಳು ಉಳಿದುಬಂದುವು. ಆದುದರಿಂದ ದೋಷವು ವಾದಕರ ಕೈಯದಲ್ಲ. ಮುದ್ರಣವು ತಮ್ಮಲ್ಲಿಗೆ ಬರುವ ಮೊದಲೇ ಹೀಗೆ ಒತ್ತಲ್ಪಟ್ಟಿತ್ತೆಂದು ಮಾಸ್ಟರಿಂಗ್ ಮಾಡಿದ ಟೆಡ್ ಜೆನ್ಸನ್ನರು ತಿಳಿಸಿದರು. ಕತ್ತರಿಸಿಹೋದ ಶಿಖರವನ್ನು ಯಾವ ಲಿಮಿಟರೂ ಮರಳಿ ಕೊಡಲಾರದಷ್ಟೆ.

ಕಾವ್ಯಕ್ಕೆ ಔಚಿತ್ಯವೇ ಪ್ರಾಣವೆಂಬುದು ಕ್ಷೇಮೇಂದ್ರನ ಮತವು. ಗಾನಕ್ಕೂ ಅದೇ ನ್ಯಾಯ. ಮೆಲುದನಿಯೇ ಇಲ್ಲದಲ್ಲಿ ಮೇಲುದನಿಗೆ ಮಹತ್ತ್ವವೆಲ್ಲಿಯದು?