ಕಿವಿಗೆ ಕೇಳಿಸೋ ಹಾರ್ಸ್‌ಪವರ್

ಟರ್ಬೊ ಕಾರಿಗೆ ಮೊದಲು ಏನು ಹಾಕಿಸ್ಬೇಕು ಅಂತ ಯಾರನ್ನ ಕೇಳಿದ್ರೂ ಬರೋ ಉತ್ತರ ಒಂದೇ. "ದಪ್ಪ ಇನ್‌ಟೇಕ್ ಪೈಪ್ ಹಾಕ್ಸು ಮಗಾ, ಎಂಜಿನ್ ಸರಿಯಾಗಿ ಉಸಿರಾಡುತ್ತೆ." ಈ "ಉಸಿರಾಡುತ್ತೆ" ಅನ್ನೋ ಒಂದು ಪದದ ಮೇಲೇ ಇಡೀ ವ್ಯಾಪಾರ ನಿಂತಿದೆ ಅಂತ ನನ್ನ ತಕರಾರು. ಕೇಳೋಕೆ ಎಷ್ಟು ಸಹಜವಾಗಿದೆ ನೋಡಿ. ಮೂಗು ಕಟ್ಟಿದವನಿಗೆ ವಿಕ್ಸ್ ಹಚ್ಚಿದ ಹಾಗೆ. ಕಂಪನಿಯವರು ಪಾಪ ಕಾರಿನ ಮೂಗು ಹಿಸುಕಿಬಿಟ್ಟಿದ್ದಾರೆ, ನಾವು ಬಿಡಿಸಿ ಪುಣ್ಯ ಕಟ್ಕೊಳ್ಳೋಣ ಅನ್ನೋ ಭಾವನೆ ಬರುತ್ತೆ. ಆದರೆ ಟರ್ಬೊ ಇರೋ ಎಂಜಿನ್ ಆ ಅರ್ಥದಲ್ಲಿ ಉಸಿರಾಡೋದೇ ಇಲ್ಲ. ಅದಕ್ಕೆ ಗಾಳಿಯನ್ನ ತುರುಕಲಾಗುತ್ತೆ. ಎಷ್ಟು ತುರುಕಬೇಕು ಅನ್ನೋದನ್ನ ಪೈಪ್ ಅಲ್ಲ, ಕಂಪ್ಯೂಟರ್ ತೀರ್ಮಾನ ಮಾಡುತ್ತೆ.

ಸುಮ್ಮನೆ ಗಾಳಿಯಲ್ಲಿ ಮಾತಾಡೋದು ಬೇಡ, ಒಂದು ಕಾರು ಹಿಡ್ಕೊಳ್ಳೋಣ. ನಮ್ಮ ಟೆಕ್ ಪಾರ್ಕಿನ ಬೇಸ್‌ಮೆಂಟುಗಳಲ್ಲಿ ಧಾರಾಳವಾಗಿ ಸಿಗೋ ಫೋಕ್ಸ್‌ವ್ಯಾಗನ್ ಮತ್ತು ಸ್ಕೋಡಾದ 1.0 ಟಿಎಸ್‌ಐ. ವರ್ಟಸ್, ಟೈಗುನ್, ಸ್ಲಾವಿಯಾ, ಕುಶಾಕ್, ಎಲ್ಲದರಲ್ಲೂ ಇದೇ ಎಂಜಿನ್. 999 ಸಿಸಿ, ಮೂರು ಸಿಲಿಂಡರ್, 115 ಪಿಎಸ್, 178 ನ್ಯೂಟನ್ ಮೀಟರ್. ಬಾನೆಟ್ ಎತ್ತಿದ್ರೆ ಒಂದು ಕಪ್ಪು ಫಿಲ್ಟರ್ ಡಬ್ಬ ಕಾಣುತ್ತೆ. ಅದರಿಂದ ಟರ್ಬೊ ಬಾಯಿಗೆ ಹೋಗೋ ಪ್ಲಾಸ್ಟಿಕ್ ದಾರೀನೇ ನಮ್ಮ ಕಥಾನಾಯಕ. ಇಂಥ ಕಂಪನಿ ಪೈಪುಗಳು ಸಾಮಾನ್ಯವಾಗಿ ನೋಡೋಕೆ ಚೆನ್ನಾಗಿರಲ್ಲ. ಹಾರ್ಮೋನಿಯಂ ತಿದಿಯ ಹಾಗೆ ಮಡಿಕೆ ಮಡಿಕೆ, ಅಲ್ಲಲ್ಲಿ ಅರ್ಥವಿಲ್ಲದ ಉಬ್ಬು. ಇದರ ಪಕ್ಕದಲ್ಲಿ ನುಣುಪಾದ ಸಿಲಿಕೋನ್ ಪೈಪೋ, ಹೊಳೆಯೋ ಅಲ್ಯೂಮಿನಿಯಂ ಪೈಪೋ ಇಟ್ಟುಬಿಟ್ರೆ ಯಾರ ಕಣ್ಣು ಎಲ್ಲಿಗೆ ಹೋಗುತ್ತೆ ಅಂತ ಬೇರೆ ಹೇಳಬೇಕಾ?

ಆ ಕುರೂಪಕ್ಕೂ ಕಾರಣ ಇದೆ. ಎಂಜಿನ್ ತನ್ನ ಮೌಂಟಿಂಗ್ ಮೇಲೆ ಸದಾ ಅಲುಗಾಡ್ತಾ ಇರುತ್ತೆ, ಮೂರು ಸಿಲಿಂಡರ್ ಅಂದ್ರೆ ಇನ್ನೂ ಸ್ವಲ್ಪ ಜಾಸ್ತಿ. ಫಿಲ್ಟರ್ ಡಬ್ಬ ಬಾಡಿಗೆ ಕೂತಿದ್ದರೆ ಅದು ಹಾಗೆ ಅಲುಗಾಡಲ್ಲ. ಎರಡರ ಮಧ್ಯೆ ಬಾಗೋಕೆ ಬೇಕಾದದ್ದು ಆ ಮಡಿಕೆ. ಉಬ್ಬುಗಳಂಥವು ಸದ್ದು ನುಂಗೋ ಕೋಣೆಗಳು. ಟರ್ಬೊದಿಂದ ಹಿಂದಕ್ಕೆ ಬರೋ ಶಿಳ್ಳೆ ಕ್ಯಾಬಿನ್‌ಗೆ ತಲುಪದಿರಲಿ ಅಂತ ಎಂಜಿನಿಯರುಗಳು ಲೆಕ್ಕ ಹಾಕಿ ಕೂರಿಸಿದ್ದು. ಈ ಮಾತು ನೆನಪಿರಲಿ.

ಈಗ ಒಂದು ಒರಟು ಲೆಕ್ಕ. 115 ಪಿಎಸ್ ಪೂರ್ತಿ ಹಿಂಡಿದಾಗ ಎಂಜಿನ್‌ಗೆ ಸೆಕೆಂಡಿಗೆ ಹತ್ತಿರ ಹತ್ತಿರ 85 ಗ್ರಾಂ ಗಾಳಿ ಬೇಕು. ಬೆಂಗಳೂರಿನ ಎತ್ತರದಲ್ಲಿ ಅದು ಸುಮಾರು 80 ಲೀಟರ್. ಆಫೀಸಿನ ನೀರಿನ ಕ್ಯಾನ್ 20 ಲೀಟರ್ ಇರುತ್ತಲ್ಲ, ಅಂಥ ನಾಲ್ಕು ಕ್ಯಾನ್ ತುಂಬ ಗಾಳಿ, ಪ್ರತಿ ಸೆಕೆಂಡಿಗೆ. ಪೈಪಿನ ಒಳಗಿನ ಅಗಲ 50 ಮಿಲಿಮೀಟರ್ ಅಂತ ಇಟ್ಕೊಳ್ಳಿ. ಗಾಳಿ ಅದರಲ್ಲಿ ಗಂಟೆಗೆ 145 ಕಿಲೋಮೀಟರ್ ಆಸುಪಾಸಿನ ವೇಗದಲ್ಲಿ ಓಡುತ್ತೆ. 63 ಮಿಲಿಮೀಟರ್ ಪೈಪ್ ಹಾಕಿಸಿದ್ರೆ ವೇಗ 92ಕ್ಕೆ ಇಳಿಯುತ್ತೆ. ವೇಗ ಇಳಿದ್ರೆ ತಿರುವುಗಳಲ್ಲಿ ಆಗೋ ಒತ್ತಡದ ನಷ್ಟಾನೂ ಇಳಿಯುತ್ತೆ, ಅದೂ ವರ್ಗದ ಲೆಕ್ಕದಲ್ಲಿ. ಅಂದ್ರೆ ಮಾರೋರ ಮಾತಲ್ಲಿ ವಿಜ್ಞಾನ ಇಲ್ಲ ಅಂತಲ್ಲ, ಇದೆ. ಅವರು ಹೇಳದೇ ಇರೋದು ಮೊತ್ತ ಎಷ್ಟು ಅನ್ನೋದು. ತಿರುವು, ಬಾಯಿ, ಅಂಚು ಎಲ್ಲಾ ಸೇರಿಸಿ ಉದಾರವಾಗಿ ಲೆಕ್ಕ ಹಾಕಿದ್ರೂ ಉಳಿತಾಯ 10 ಮಿಲಿಬಾರ್. ಬೆಂಗಳೂರಿನ ಗಾಳಿಯ ಒತ್ತಡ ಸುಮಾರು 910 ಮಿಲಿಬಾರ್. ನೂರಕ್ಕೆ ಒಂದು ಅಂತ ಇಟ್ಕೊಳ್ಳಿ. ಅದೂ ಆಕ್ಸಿಲರೇಟರ್ ನೆಲಕ್ಕೆ ಒತ್ತಿ, ಎಂಜಿನ್ ಕಿರುಚ್ತಾ ಇರೋವಾಗ ಮಾತ್ರ. ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ಗಾಳಿಯ ಹರಿವು ಹತ್ತನೇ ಒಂದು ಭಾಗ ಆದಾಗ ಉಳಿತಾಯ ನೂರನೇ ಒಂದು ಭಾಗ ಆಗುತ್ತೆ.

ಇನ್ನೊಂದು ವಿಷಯ. ಪೈಪ್ ಎಷ್ಟೇ ದಪ್ಪ ಆಗ್ಲಿ, ಅದು ಹೋಗಿ ಸೇರೋದು ಟರ್ಬೊದ ಅದೇ ಹಳೇ ಬಾಯಿಗೆ. ಕಂಪ್ರೆಸರ್ ಚಕ್ರದ ಬಾಯಿ ಪೈಪಿಗಿಂತ ಕಿರಿದು. ಏರ್‌ಪೋರ್ಟ್ ರಸ್ತೆ ಎಷ್ಟು ಅಗಲ ಆದ್ರೂ ಹೆಬ್ಬಾಳ ಫ್ಲೈಓವರ್ ಹತ್ರ ಬಂದು ಎಲ್ಲರೂ ಮೂಗು ತೂರಿಸ್ಕೊಂಡು ನಿಂತಿದ್ದನ್ನ ವರ್ಷಗಟ್ಟಲೆ ನೋಡಿದೀವಲ್ಲ, ಹಾಗೆ.

ಇಷ್ಟಾದ್ರೂ ಆ ನೂರಕ್ಕೆ ಒಂದು ಸಿಗಬೇಕಲ್ವಾ ಅಂತ ಕೇಳಬಹುದು. ನಿಜವಾದ ಕಥೆ ಇರೋದು ಇಲ್ಲಿ. ಈ ಎಂಜಿನ್ನಿನಲ್ಲಿ ನಿಮ್ಮ ಕಾಲಿಗೂ ಗಾಳಿಗೂ ನೇರ ಸಂಬಂಧ ಇಲ್ಲ. ನೀವು ಪೆಡಲ್ ಒತ್ತಿದಾಗ ಇಸಿಯು ಅದನ್ನ "ಇವನಿಗೆ ಇಷ್ಟು ಟಾರ್ಕ್ ಬೇಕು" ಅನ್ನೋ ಬೇಡಿಕೆ ಅಂತ ಓದ್ಕೊಳ್ಳುತ್ತೆ. ಅದಕ್ಕೆ ಬೇಕಾದ ಬೂಸ್ಟ್ ಎಷ್ಟು ಅಂತ ಗೊತ್ತುಮಾಡಿ, ವೇಸ್ಟ್‌ಗೇಟನ್ನ ಅಷ್ಟೇ ತೆರೆಯುತ್ತೆ. ಟರ್ಬೊ ಚಕ್ರವನ್ನ ತಿರುಗಿಸೋ ಹೊಗೆಯಲ್ಲಿ ಎಷ್ಟನ್ನ ಪಕ್ಕಕ್ಕೆ ಕಳಿಸಬೇಕು ಅನ್ನೋ ಬಾಗಿಲು ಅದು. ದಪ್ಪ ಪೈಪಿನಿಂದ ಟರ್ಬೊ ಕೆಲಸ ಚೂರು ಹಗುರ ಆಯ್ತು ಅನ್ನಿ. ಇಸಿಯು ಏನು ಮಾಡುತ್ತೆ? ಬಾಗಿಲನ್ನ ಇನ್ನೊಂದು ಕೂದಲೆಳೆಯಷ್ಟು ತೆರೆದು, ಬೂಸ್ಟನ್ನ ಮೊದಲಿದ್ದಲ್ಲೇ ನಿಲ್ಲಿಸುತ್ತೆ. ಅದಕ್ಕೆ 178 ಅಂತ ಹೇಳಿ ಕಳಿಸಿದಾರೆ, ಅದು 178 ಕೊಡುತ್ತೆ. ಲಾಭ ಆಗಿದ್ದು ಟರ್ಬೊಗೆ, ನಿಮಗಲ್ಲ.

ನಂಬಿಕೆ ಬರದಿದ್ರೆ ಶಿರಾಡಿ ಘಾಟಿ ಇಳಿದು ಮಂಗಳೂರಿಗೆ ಹೋಗಿ ಬನ್ನಿ. ಸಮುದ್ರ ಮಟ್ಟದಲ್ಲಿ ಒತ್ತಡ 1013 ಮಿಲಿಬಾರ್. ಪೈಪ್ ಉಳಿಸಿಕೊಡೋದರ ಹತ್ತರಷ್ಟನ್ನ ಪಣಂಬೂರು ಬೀಚ್ ಪುಕ್ಕಟೆ ಕೊಡುತ್ತೆ. ಹಳೇ ಕಾಲದ ಟರ್ಬೊ ಇಲ್ಲದ ಕಾರಿನಲ್ಲಿ ಆ ವ್ಯತ್ಯಾಸ ಗೊತ್ತಾಗ್ತಿತ್ತು, ಕೆಳಗಡೆ ಹೋದ್ರೆ ಚುರುಕಾಗ್ತಿತ್ತು. ಟಿಎಸ್‌ಐ ಓಡಿಸೋ ಎಷ್ಟು ಜನ "ಮಂಗಳೂರಲ್ಲಿ ನನ್ನ ಕಾರಿಗೆ ಪವರ್ ಜಾಸ್ತಿ ಆಯ್ತು" ಅಂದಿದ್ದಾರೆ? ನಾನಂತೂ ಒಬ್ಬರ ಬಾಯಲ್ಲೂ ಕೇಳಿಲ್ಲ. ಕೇಳಿದ್ದು ಬರೀ ನೀರ್ ದೋಸೆ ಸುದ್ದಿ.

ನನ್ನ ಸಹೋದ್ಯೋಗಿಯೊಬ್ಬ ಜೆ.ಸಿ. ರೋಡಿನ ಕಡೆಯಿಂದ ಪೈಪ್ ಹಾಕಿಸ್ಕೊಂಡು ಬಂದಾಗ ಇಬ್ಬರೂ ಓಬಿಡಿ ಡಾಂಗಲ್ ಸಿಕ್ಕಿಸಿ ಕೂತ್ವಿ. ಹಾಕಿಸೋ ಮೊದಲು ತೆಗೆದಿದ್ದ ಲಾಗ್ ಇತ್ತು, ಆಮೇಲಿನದ್ದನ್ನ ಅದೇ ರಸ್ತೆಯಲ್ಲಿ, ಅದೇ ಗೇರಿನಲ್ಲಿ ತೆಗೆದ್ವಿ. ಬೂಸ್ಟಿನ ಎರಡು ಗೆರೆಗಳು ಒಂದರ ಮೇಲೊಂದು ಮಲಗಿದ್ದವು. ಅವನು ಲ್ಯಾಪ್‌ಟಾಪ್ ಮುಚ್ಚಿ, "ಆದ್ರೂ ಗೊತ್ತಾಗುತ್ತೆ ಗುರು, ಪುಲ್ ಬೇರೇನೇ ಇದೆ" ಅಂದ. ಅವನು ಸುಳ್ಳು ಹೇಳ್ತಿರಲಿಲ್ಲ. ಅವನಿಗೆ ನಿಜವಾಗ್ಲೂ ಗೊತ್ತಾಗ್ತಿತ್ತು.

ಗೊತ್ತಾಗೋದು ಕಿವಿಯಿಂದ. ಆ ಉಬ್ಬುಗಳು, ಸದ್ದು ನುಂಗೋ ಕೋಣೆಗಳು ಹೋದವಲ್ಲ, ಈಗ ಟರ್ಬೊ ಸುತ್ತೋ "ಸುಯ್ಯ್" ಶಿಳ್ಳೆ, ಕಾಲು ತೆಗೆದಾಗ ಗಾಳಿ ವಾಪಸ್ ನುಗ್ಗೋ "ಪ್ಶ್ಶ್" ಎಲ್ಲಾ ನೇರವಾಗಿ ಕ್ಯಾಬಿನ್ನಿಗೆ. ಸದ್ದು ಜಾಸ್ತಿ ಆದಾಗ ವೇಗ ಜಾಸ್ತಿ ಆಯ್ತು ಅಂತ ಬೆನ್ನು ನಂಬಿಬಿಡುತ್ತೆ. ಸೈಲೆನ್ಸರ್ ಬಿಚ್ಚಿಸಿದ ಬುಲೆಟ್ ಮೇಲೆ ಕೂತವರಿಗೆ ಇದನ್ನ ವಿವರಿಸಬೇಕಿಲ್ಲ. ಇದು ಅಲ್ಪ ಸುಖ ಅಂತ ನಾನು ಹೇಳಲ್ಲ. ಆ ಶಿಳ್ಳೆ ನನಗೂ ಇಷ್ಟ. ಬೆಳಿಗ್ಗೆ ಐದೂವರೆಗೆ ದೇವನಹಳ್ಳಿ ದಾಟಿ ನಂದಿ ಕಡೆ ತಿರುಗಿದಾಗ, ಕಿಟಕಿ ಇಳಿಸಿ ಕೇಳಿದ್ರೆ, ದಿನವಿಡೀ ಸ್ಟ್ಯಾಂಡ್‌ಅಪ್ ಕಾಲುಗಳಲ್ಲಿ ಕಳೆದುಹೋಗಿದ್ದ ಏನೋ ಒಂದು ವಾಪಸ್ ಸಿಕ್ಕಿದ ಹಾಗಾಗುತ್ತೆ. ಅದಕ್ಕೆ ದುಡ್ಡು ಕೊಡಬಹುದು. ನನ್ನ ಜಗಳ ಇರೋದು ಸದ್ದನ್ನ ಹಾರ್ಸ್‌ಪವರ್ ಅಂತ ಬಿಲ್ ಮಾಡೋದರ ಬಗ್ಗೆ.

ಬಿಲ್ಲಿಗೆ ಸಾಕ್ಷಿಯಾಗಿ ಡೈನೊ ಚಾರ್ಟ್ ತೋರಿಸ್ತಾರೆ. ಚಾರ್ಟ್ ನೋಡೋವಾಗ ಒಂದು ಮೂಲೆ ತಪ್ಪದೆ ನೋಡಿ, "ಕರೆಕ್ಷನ್" ಅಂತ ಬರೆದಿರೋ ಮೂಲೆ. ಎತ್ತರದ ಊರಲ್ಲಿ ಗಾಳಿ ತೆಳು, ಅದಕ್ಕೆ ಎಂಜಿನ್ ಪವರ್ ಕಮ್ಮಿ ತೋರಿಸುತ್ತೆ, ಸಮುದ್ರ ಮಟ್ಟದಲ್ಲಿ ಇದ್ದಿದ್ರೆ ಎಷ್ಟು ಬರ್ತಿತ್ತು ಅಂತ ಗುಣಿಸಿ ಹೇಳೋ ಸೂತ್ರ ಅದು. ಟರ್ಬೊ ಇಲ್ಲದ ಎಂಜಿನ್ನಿಗೆ ಅದು ನ್ಯಾಯ. ಟರ್ಬೊ ಎಂಜಿನ್ ತೆಳು ಗಾಳಿಯನ್ನ ಬಹುಪಾಲು ತಾನೇ ಸರಿದೂಗಿಸ್ಕೊಂಡಿರುತ್ತೆ. ಅದರ ಮೇಲೆ ಮತ್ತೆ ಸೂತ್ರ ಹಾಕಿದ್ರೆ ಬೆಂಗಳೂರಿನಲ್ಲಿ ನೂರಕ್ಕೆ ಹತ್ತಕ್ಕೂ ಹೆಚ್ಚು ಪವರ್ ಕಾಗದದ ಮೇಲೆ ಹುಟ್ಟುತ್ತೆ. "ಮೊದಲು" ಅನ್ನೋ ಗೆರೆ ಸೂತ್ರವಿಲ್ಲದ್ದು, "ಆಮೇಲೆ" ಅನ್ನೋ ಗೆರೆ ಸೂತ್ರವಿರೋದು ಆದ್ರೆ ಪೈಪ್ ಹಾಕೋದೇ ಬೇಡ, ಗೆರೆ ತಾನಾಗೇ ಮೇಲೆ ಹೋಗುತ್ತೆ. ಮೊದಲ ರನ್ ಬಿಸಿ ಎಂಜಿನ್ನಿನಲ್ಲಿ, ಎರಡನೇದು ಟೀ ಕುಡಿದು ಬಂದು ಕಾರು ತಣ್ಣಗಾದ ಮೇಲೆ ಮಾಡಿದ್ರೂ ನಾಲ್ಕೈದು ಹಾರ್ಸ್‌ಪವರ್ ಆಚೀಚೆ ಆಗೋದು ದೊಡ್ಡ ವಿಷಯ ಅಲ್ಲ.

ಹಾಗಾದ್ರೆ ದಪ್ಪ ಪೈಪು ಯಾರಿಗೂ ಬೇಡವಾ? ಬೇಕು. ಆಕ್ಟೇವಿಯಾ ಆರ್‌ಎಸ್ ಥರದ 2.0 ಟಿಎಸ್‌ಐ ಇಟ್ಕೊಂಡು, ರಿಮ್ಯಾಪ್ ಮಾಡಿಸಿ, ಇನ್ನೂ ದೊಡ್ಡ ಟರ್ಬೊ ಕೂರಿಸಿದವರಿಗೆ ಬೇಕೇ ಬೇಕು. ಅಲ್ಲಿ ಹರಿವು ಎರಡರಷ್ಟು ಆದ್ರೆ ನಷ್ಟ ನಾಲ್ಕರಷ್ಟು. ಟರ್ಬೊ ಆಗಲೇ ತನ್ನ ಮಿತಿಯ ಅಂಚಿನಲ್ಲಿ ತಿರುಗ್ತಾ ಇರುತ್ತೆ, ವೇಸ್ಟ್‌ಗೇಟ್ ಪೂರ್ತಿ ಮುಚ್ಚಿದ್ರೂ ಇಸಿಯು ಕೇಳಿದಷ್ಟು ಬೂಸ್ಟ್ ಬರ್ತಿರಲ್ಲ. ಅಂಥಲ್ಲಿ ಬಾಯಿಗೆ ಬರೋ ಗಾಳಿಯನ್ನ ಸಲೀಸು ಮಾಡೋದು ನಿಜವಾದ ಕೆಲಸ. ಅಂದ್ರೆ ಈ ಪೈಪು ಕೊನೇ ಹಂತದಲ್ಲಿ ಬರಬೇಕಾದ ಸಾಮಾನು, ಅದನ್ನ ಮೊದಲ ಹೆಜ್ಜೆ ಅಂತ ಮಾರ್ತಿದ್ದಾರೆ. ಮದುವೆಗೆ ಮುಂಚೆ ಮಗುವಿಗೆ ಸ್ಕೂಲ್ ಸೀಟು ಹುಡುಕಿದ ಹಾಗೆ (ಬೆಂಗಳೂರಿನಲ್ಲಿ ಅದೂ ನಡೆಯುತ್ತೆ, ಬಿಡಿ).

ಸುಮ್ಮನೆ ಸದ್ದಿಗಾದ್ರೂ ಇರಲಿ ಅನ್ನೋರು ಬೆಲೆಯಲ್ಲಿ ಬರೆಯದ ಖರ್ಚನ್ನೂ ನೋಡ್ಬೇಕು. ಫಿಲ್ಟರಿಗೂ ಟರ್ಬೊಗೂ ಮಧ್ಯೆ ಇರೋ ಪೈಪಿನ ಕ್ಲಾಂಪ್ ಸಡಿಲ ಆಯ್ತು ಅಂದ್ರೆ ಹೊಸೂರು ರೋಡಿನ ಧೂಳು ಸೋಸದೆ ಒಳಗೆ ಹೋಗುತ್ತೆ. ಇಂಥ ಪುಟ್ಟ ಟರ್ಬೊಗಳ ಚಕ್ರ ನಿಮಿಷಕ್ಕೆ 2 ಲಕ್ಷ ಸುತ್ತು ತಿರುಗುತ್ತೆ. ಆ ವೇಗದಲ್ಲಿ ಮರಳಿನ ಕಣ ಅಂದ್ರೆ ಮರಳು ಕಾಗದ. ಮ್ಯಾಫ್ ಸೆನ್ಸರ್ ಇರೋ ಕಾರುಗಳ ಕಥೆ ಇನ್ನೊಂದು. ಆ ಸೆನ್ಸರ್ ತನ್ನ ಸುತ್ತಲಿನ ಕೊಳವೆ ಇಷ್ಟೇ ಅಗಲ ಅಂತ ನಂಬಿ ಗಾಳಿ ಅಳೆಯೋದು. ಕೊಳವೆ ಅಗಲ ಆದ್ರೆ ಗಾಳಿ ನಿಧಾನ ಆಗಿ, ಇರೋದಕ್ಕಿಂತ ಕಮ್ಮಿ ಗಾಳಿ ಇದೆ ಅಂತ ತಪ್ಪು ಲೆಕ್ಕ ಕೊಡುತ್ತೆ, ಪೆಟ್ರೋಲ್ ಕಮ್ಮಿ ಬೀಳುತ್ತೆ. ಅಮೆರಿಕದಲ್ಲಿ ಸುಬಾರು ಡಬ್ಲ್ಯುಆರ್‌ಎಕ್ಸ್‌ಗೆ ಇಂಥ ಇನ್‌ಟೇಕ್ ಹಾಕಿಸೋರಿಗೆ "ಟ್ಯೂನ್ ಇಲ್ಲದೆ ಓಡಿಸ್ಬೇಡಿ" ಅಂತ ಹೇಳೋದು ಅದಕ್ಕೇ.

ಫಿಲ್ಟರ್ ಡಬ್ಬ ಕಿತ್ತು ಬಂಪರಿನ ಕೆಳಗೆ ಕೋನ್ ಫಿಲ್ಟರ್ ಇಳಿಸೋ ಕಿಟ್‌ಗಳಂತೂ ನಮ್ಮೂರಿಗೆ ಖಂಡಿತ ಬೇಡ. ತಣ್ಣನೆ ಗಾಳಿ ಸಿಗುತ್ತೆ ಅಂತಾರೆ, ಸಿಗುತ್ತೆ. 2022ರ ಸೆಪ್ಟೆಂಬರಿನಲ್ಲಿ ಔಟರ್ ರಿಂಗ್ ರೋಡ್, ಬೆಳ್ಳಂದೂರು ಹೇಗಿತ್ತು ನೆನಪಿಸ್ಕೊಳ್ಳಿ. ಕಂಪನಿಯವರು ಗಾಳಿಯ ಬಾಯನ್ನ ರೇಡಿಯೇಟರ್ ಮೇಲೆ ಅಷ್ಟೆತ್ತರದಲ್ಲಿ ಇಟ್ಟಿರೋದು ಸುಮ್ಮನೆ ಅಲ್ಲ. ಎಂಜಿನ್ ಒಂದು ಗುಟುಕು ನೀರು ಕುಡಿದ್ರೆ ಕನೆಕ್ಟಿಂಗ್ ರಾಡ್ ಬಾಗುತ್ತೆ. ಎಂಜಿನ್ ಪ್ರೊಟೆಕ್ಷನ್ ಆಡ್-ಆನ್ ಇಲ್ಲದ ಇನ್ಶೂರೆನ್ಸಿನಲ್ಲಿ ಸಾಮಾನ್ಯವಾಗಿ ಅದಕ್ಕೆ ದುಡ್ಡು ಸಿಗಲ್ಲ. ಆಡ್-ಆನ್ ಇದ್ರೂ ಸರ್ವೇಯರ್ ಬಾನೆಟ್ ಎತ್ತಿದಾಗ ಮೊದಲು ಕಣ್ಣಿಗೆ ಬೀಳೋದು ನಿಮ್ಮ ಹೊಳೆಯೋ ಪೈಪು. ವಾರಂಟಿ ಅಡ್ವೈಸರ್ ಕಣ್ಣೂ ಅಲ್ಲಿಗೇ ಹೋಗೋದು.

ಕಾನೂನಿನ ಮಾತು ಬಂತು ಅಂದ್ರೆ, ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಇದೆ, ತಯಾರಕರ ಮೂಲ ವಿವರಗಳಿಗೆ ವ್ಯತಿರಿಕ್ತವಾಗಿ ಗಾಡಿ ಬದಲಾಯಿಸೋ ಹಾಗಿಲ್ಲ ಅಂತ ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಹೇಳಿದ್ದೂ ಇದೆ. ಪೈಪಿನ ಅಗಲ ಆರ್‌ಸಿಯಲ್ಲಿ ಎಲ್ಲಿ ಬರೆದಿದೆ ಅಂತ ವಾದ ಮಾಡಬಹುದು. ಆ ವಾದವನ್ನ ರಸ್ತೆ ಬದಿಯಲ್ಲಿ, ಗಾಡಿ ಪಕ್ಕಕ್ಕೆ ಹಾಕಿಸ್ಕೊಂಡು ಮಾಡಬೇಕಾಗುತ್ತೆ ಅಷ್ಟೇ.

ಇಷ್ಟೆಲ್ಲ ಓದಿದ ಮೇಲೂ ಆ ಶಿಳ್ಳೆ ಬೇಕು ಅನ್ನಿಸಿದ್ರೆ, ಹಾಕಿಸಿ. ಫಿಲ್ಟರ್ ಡಬ್ಬ ಹಾಗೇ ಇರಲಿ, ಪೈಪು ಮಾತ್ರ ಬದಲಾಗಲಿ. ಎಂಜಿನ್ನಿನ ಎಣ್ಣೆ ಹೊಗೆ ಬಂದು ಸೇರೋ ಸಣ್ಣ ಹೋಸ್ ಹೊಸ ಪೈಪಿಗೆ ಬಿಗಿಯಾಗಿ ಕೂರುತ್ತಾ ಅಂತ ನೀವೇ ನಿಂತು ನೋಡಿ, ಅರ್ಜೆಂಟಿನಲ್ಲಿ ಅದನ್ನ ಅರ್ಧಂಬರ್ಧ ಸಿಕ್ಕಿಸಿ ಬಿಡೋದು ಜಾಸ್ತಿ. ಎಷ್ಟು ಹಾರ್ಸ್‌ಪವರ್ ಬರುತ್ತೆ ಅಂತ ಕೇಳ್ಬೇಡಿ, ಕೇಳಿದ್ರೆ ಅವರು ಹೇಳಲೇಬೇಕಾಗುತ್ತೆ. ಹಳೇ ಪ್ಲಾಸ್ಟಿಕ್ ಪೈಪನ್ನ ಅಂಗಡಿಯಲ್ಲಿ ಬಿಡದೆ ಮನೆಗೆ ತನ್ನಿ, ಸರ್ವಿಸಿಗೆ ಬಿಡೋ ಹಿಂದಿನ ದಿನ ಬೇಕಾಗುತ್ತೆ. ಒಂದು ವಾರ ಓಡಿಸಿದ ಮೇಲೆ ಕ್ಲಾಂಪುಗಳನ್ನ ಸ್ಕ್ರೂಡ್ರೈವರ್ ಹಿಡಿದು ಇನ್ನೊಮ್ಮೆ ಬಿಗಿ ಮಾಡಿ.