ರಕ್ತದಲ್ಲಿ ರೋಗದ ಗತಿ: ಮೆಲನೋಮಾ ಸೂಚಕಗಳ ಶೋಧನೆಯನ್ನು ಕುರಿತು

ರೋಗವು ದೇಹದೊಳಗೆ ಎಷ್ಟು ದೂರ ನಡೆದಿದೆಯೆಂಬುದನ್ನು ಒಂದಿಷ್ಟು ರಕ್ತದಲ್ಲಿ ಓದಿ ತಿಳಿಯಬೇಕೆಂಬ ಹಂಬಲ ವೈದ್ಯಶಾಸ್ತ್ರಕ್ಕೆ ಹೊಸದೇನಲ್ಲ. ಚರ್ಮಕ್ಕೆ ಬಣ್ಣ ಕೊಡುವ ಕೋಶಗಳಿಂದ ಹುಟ್ಟುವ ಮೆಲನೋಮಾ ಎಂಬ ಕ್ಯಾನ್ಸರಿನ ವಿಷಯದಲ್ಲಿ ಈ ಹಂಬಲವು ಕಳೆದ ನಾಲ್ಕು ದಶಕಗಳಲ್ಲಿ ಒಂದು ದೊಡ್ಡ ಸಂಶೋಧನ ಸಾಹಿತ್ಯವನ್ನೇ ಬೆಳೆಸಿದೆ. ಗಡ್ಡೆಯನ್ನು ಕತ್ತರಿಸಿ ತೆಗೆದ ಮೇಲೆ ರೋಗಿಯು ಗುಣಹೊಂದಿದಂತೆ ಕಾಣುವನು. ಕೆಲವು ವರ್ಷ ಕಳೆದ ಮೇಲೆ ಅದೇ ರೋಗ ಶ್ವಾಸಕೋಶದಲ್ಲಿಯೋ ಯಕೃತ್ತಿನಲ್ಲಿಯೋ ಮಿದುಳಿನಲ್ಲಿಯೋ ತಲೆಯೆತ್ತಬಹುದು. ಆ ನಡುವಣ ಕಾಲದ ಸುದ್ದಿಯನ್ನು ರಕ್ತದ ಯಾವುದಾದರೊಂದು ಪ್ರೋಟೀನು ಹೇಳಬಲ್ಲುದೆ? ಈ ಪ್ರಶ್ನೆಗೆ ದೊರೆತಿರುವ ಉತ್ತರಗಳನ್ನು ರಾಯಚೂರು ಜಿಲ್ಲೆಯ ಕವಿತಾಳದಂಥ ಊರಿನಲ್ಲಿ ನಿಂತು ಪರೀಕ್ಷಿಸಬೇಕೆಂಬುದು ನಮ್ಮ ಉದ್ದೇಶ. ಕವಿತಾಳವೇ ಏಕೆಂದು ವಾಚಕರು ಕೇಳಬಹುದು. ಕಾರಣ ಮುಂದೆ ತಿಳಿಯುತ್ತದೆ.

ಶೋಧನೆಯ ಕಷ್ಟವನ್ನು ಮೊದಲು ಒಪ್ಪಿಕೊಳ್ಳುವುದು ನ್ಯಾಯ. ರಕ್ತದ್ರವದ ಪ್ರೋಟೀನುಗಳಲ್ಲಿ ಅರ್ಧಕ್ಕೂ ಮಿಗಿಲಾದ ಭಾಗ ಆಲ್ಬುಮಿನ್ ಒಂದೇ. ಇಪ್ಪತ್ತೆರಡು ಪ್ರೋಟೀನುಗಳು ಸೇರಿದರೆ ಒಟ್ಟು ತೂಕದ ಶೇಕಡ 99ರಷ್ಟು ಮುಗಿದುಹೋಗುತ್ತದೆ. ಗಡ್ಡೆಯಿಂದ ಸೋರಿಬಂದ ಅಣುವು ಉಳಿದ ಒಂದು ಪಾಲಿನಲ್ಲಿ, ಸಾವಿರಾರು ಇತರ ಪ್ರೋಟೀನುಗಳ ಗುಂಪಿನಲ್ಲಿ ಅಡಗಿರುತ್ತದೆ. ಜಾತ್ರೆಯಲ್ಲಿ ಕಳೆದುಹೋದ ಮಗುವನ್ನು ಅದರ ದನಿಯಿಂದಲೇ ಹುಡುಕಿದಂತೆ ಈ ಕೆಲಸ.

ಇಷ್ಟು ಶ್ರಮದ ಫಲವಾಗಿ ಬಳಕೆಗೆ ಬಂದಿರುವ ಹೆಸರುಗಳು ಬೆರಳೆಣಿಕೆಯವು. ಲ್ಯಾಕ್ಟೇಟ್ ಡಿಹೈಡ್ರೋಜಿನೇಸ್, ಅಂದರೆ ಎಲ್.ಡಿ.ಎಚ್., ಅಮೆರಿಕದ ಕ್ಯಾನ್ಸರ್ ಜಂಟಿ ಸಮಿತಿಯ ಹಂತನಿರ್ಣಯದಲ್ಲಿ 2002ರ ಆವೃತ್ತಿಯಿಂದ ಸ್ಥಾನ ಪಡೆದಿದೆ. ಎಸ್-100 ಪ್ರೋಟೀನನ್ನು ಬಿ. ಡಬ್ಲ್ಯು. ಮೂರ್ 1965ರಲ್ಲಿ ದನದ ಮಿದುಳಿನಿಂದ ಬೇರ್ಪಡಿಸಿದನು. ಅಮೋನಿಯಂ ಸಲ್ಫೇಟಿನ ನೂರಕ್ಕೆ ನೂರು ಸಂತೃಪ್ತ ದ್ರಾವಣದಲ್ಲಿಯೂ ಕರಗಿಯೇ ಉಳಿಯುವುದರಿಂದ ಅದಕ್ಕೆ ಆ ಹೆಸರು. ಅದರ ಒಂದು ಪ್ರಭೇದವಾದ ಎಸ್-100ಬಿಯನ್ನು ಯೂರೋಪಿನ ಕೆಲವು ದೇಶಗಳಲ್ಲಿ ಶಸ್ತ್ರಚಿಕಿತ್ಸೆಯ ಅನಂತರದ ಕಾವಲಿಗೆ ಬಳಸುತ್ತಾರೆ. ಮೂರನೆಯದು ಎಂ.ಐ.ಎ.; ಅದು ಮೃದ್ವಸ್ಥಿಯಲ್ಲಿಯೂ ಹುಟ್ಟುವುದರಿಂದ ಕೀಲುಗಳು ಸವೆದವರಲ್ಲಿ ದಾರಿ ತಪ್ಪಿಸಬಹುದು. ಅದನ್ನು ಇಲ್ಲಿಗೇ ಬಿಡೋಣ.

ನಮ್ಮ ಮೊದಲನೆಯ ಆಕ್ಷೇಪ ಒಂದು ಪದವನ್ನು ಕುರಿತದ್ದು. ರೋಗವುಂಟೆಂದು ತೋರಿಸುವ ಗುರುತು, ರೋಗಿಯ ಮುಂದಿನ ಗತಿಯನ್ನು ಹೇಳುವ ಮುನ್ಸೂಚನೆ, ಇಂಥ ಔಷಧ ಇವನಿಗೆ ಒಗ್ಗುವುದೆಂದು ತಿಳಿಸುವ ನಿರ್ದೇಶನ, ಇವು ಮೂರು ಬೇರೆ ಬೇರೆ ಅರ್ಥಗಳು. ಪ್ರಬಂಧಗಳಲ್ಲಿ ಈ ಮೂರನ್ನೂ ‘ಸೂಚಕ’ ಎಂಬ ಒಂದೇ ಮಾತು ಹೊರುತ್ತದೆ. ಎಲ್.ಡಿ.ಎಚ್. ಏರಿದೆಯೆಂದರೆ ಬಹುಮಟ್ಟಿಗೆ ರೋಗದ ಭಾರ ಆಗಲೇ ದೊಡ್ಡದಾಗಿದೆಯೆಂದು ಅರ್ಥ. ಅದು ನಿಜವಾದ ಮುನ್ಸೂಚನೆಯೇ ಹೌದು, ಆದರೆ ತಡವಾಗಿ ಬಂದದ್ದು. ಬೆಂಕಿ ಹೊತ್ತಿ ಚಾವಣಿ ಕುಸಿದ ಮೇಲೆ ಹೊಗೆಯನ್ನು ಕಂಡವನಿಗೆ ಎಚ್ಚರಿಕೆ ಸಿಕ್ಕಿತೆಂದು ಹೇಳುವುದು ಸಾಧುವೇ?

ಎರಡನೆಯದು ಲೆಕ್ಕದ ಮಾತು. 2002ರಲ್ಲಿ ಅಂಡಾಶಯದ ಕ್ಯಾನ್ಸರಿಗಾಗಿ ರಕ್ತದ ಪ್ರೋಟೀನುಗಳ ವಿನ್ಯಾಸವೊಂದನ್ನು ಪ್ರಕಟಿಸಿ, ಅದು ರೋಗಿಗಳೆಲ್ಲರನ್ನೂ ಹಿಡಿಯಿತೆಂದೂ ರೋಗವಿಲ್ಲದವರಲ್ಲಿ ಶೇಕಡ 95ರಷ್ಟು ಮಂದಿಯನ್ನು ಸರಿಯಾಗಿ ಬಿಟ್ಟಿತೆಂದೂ ಹೇಳಲಾಯಿತು. ಮುಂದೆ ಬ್ಯಾಗರ್ಲಿ ಮತ್ತು ಅವರ ಸಂಗಡಿಗರು ಅದೇ ಅಂಕಿಗಳನ್ನು ಮತ್ತೆ ಶೋಧಿಸಿ, ಅಳತೆಯ ಕ್ರಮದ ದೋಷಗಳೇ ರೋಗದ ವೇಷ ಹಾಕಿರಬಹುದೆಂದು ತೋರಿಸಿದರು. ಆ ದೋಷವಿಲ್ಲವೆಂದೇ ಇಟ್ಟುಕೊಂಡರೂ, ಲಕ್ಷ ಜನರಲ್ಲಿ ಒಬ್ಬನಿಗೆ ಮಾತ್ರ ಇರುವ ರೋಗವನ್ನು ಅಂಥ ಪರೀಕ್ಷೆಯಿಂದ ಹುಡುಕಿದರೆ ಸುಮಾರು ಐದು ಸಾವಿರ ನಿರೋಗಿಗಳು ಭೀತರಾಗುತ್ತಾರೆ. ಭಾರತದಲ್ಲಿ ಮೆಲನೋಮಾ ವರ್ಷಕ್ಕೆ ಲಕ್ಷಕ್ಕೆ ಒಂದಕ್ಕಿಂತಲೂ ಕಡಿಮೆ. ಆದಕಾರಣ ಜನಸಾಮಾನ್ಯರ ತಪಾಸಣೆಗೆ ರಕ್ತಸೂಚಕ ಉಪಯೋಗವಿಲ್ಲ. ಚಿಕಿತ್ಸೆ ಪಡೆದ ನೂರು ಜನರಲ್ಲಿ ಇಪ್ಪತ್ತು ಮಂದಿಗೆ ರೋಗ ಮರುಕಳಿಸುವುದೆಂದು ಭಾವಿಸಿದರೆ ಲೆಕ್ಕ ಬೇರೆಯಾಗುತ್ತದೆ. ಅಲ್ಲಿ ಶೇಕಡ 95ರ ಪರೀಕ್ಷೆ ತಪ್ಪಾಗಿ ಬೆದರಿಸುವುದು ನಾಲ್ವರನ್ನು ಮಾತ್ರ. ರೋಗದ ಗತಿಯನ್ನು ಹುಡುಕುವ ವಿದ್ವಾಂಸರು ಸರಿಯಾದ ಪ್ರಶ್ನೆಯನ್ನೇ ಆರಿಸಿಕೊಂಡಿದ್ದಾರೆಂಬುದು ಇದರಿಂದ ಸ್ಪಷ್ಟ. ಅವರು ಯಾರ ರಕ್ತವನ್ನು ಆರಿಸಿಕೊಂಡರೆಂಬಲ್ಲಿ ನಮಗೆ ಭಿನ್ನಾಭಿಪ್ರಾಯವಿದೆ.

ಕವಿತಾಳದ ಮಾತು ಬರುವುದು ಇಲ್ಲಿ. ಈ ಸಾಹಿತ್ಯದ ಬಹುಭಾಗ ಬಿಳಿಚರ್ಮದವರಲ್ಲಿ, ಬಿಸಿಲು ತಗಲುವ ಬೆನ್ನು ತೋಳು ಕಾಲುಗಳ ಮೇಲೆ ಹುಟ್ಟಿದ ಗಡ್ಡೆಗಳನ್ನು ಆಧರಿಸಿದೆ. ನಮ್ಮ ಜನರಲ್ಲಿ ಈ ರೋಗ ಅಂಗಾಲಿನಲ್ಲಿ, ಉಗುರಿನ ಬುಡದಲ್ಲಿ, ಬಾಯಿ ಗುದಗಳ ಒಳಪೊರೆಯಲ್ಲಿ ಹೆಚ್ಚಾಗಿ ಕಾಣಿಸುತ್ತದೆ; ಅದರ ಹುಟ್ಟಿಗೆ ಬಿಸಿಲು ಮುಖ್ಯ ಕಾರಣವಲ್ಲ, ವಂಶವಾಹಿಗಳ ವಿಕಾರವೂ ಬೇರೆ ಬಗೆಯದೆಂದು 2005ರಿಂದ ತಿಳಿದಿದೆ. ಜಮೈಕದ ಗಾಯಕ ಬಾಬ್ ಮಾರ್ಲಿಯ ಕಾಲ್ಬೆರಳಿನ ರೋಗವನ್ನು ಮೊದಲು ಚೆಂಡಾಟದ ಪೆಟ್ಟೆಂದೇ ಭಾವಿಸಿದ್ದರು. ಆತ ತೀರಿಕೊಂಡದ್ದು 1981ರಲ್ಲಿ. ಕವಿತಾಳದ ಎರೆಹೊಲದಲ್ಲಿ ಬರಿಗಾಲಿನಲ್ಲಿ ದುಡಿಯುವ ರೈತನೊಬ್ಬನನ್ನು ಕಲ್ಪಿಸಿಕೊಳ್ಳೋಣ. ಅವನ ಅಂಗಾಲಿನ ಕಪ್ಪು ಕಲೆಯನ್ನು ಮನೆಯವರು ಆಣಿಯೆಂದೋ ಜಾಲಿಮುಳ್ಳು ಮುರಿದು ಉಳಿದದ್ದೆಂದೋ ತಿಳಿದರೆ ಅದರಲ್ಲಿ ಆಶ್ಚರ್ಯವಿಲ್ಲ. ಎಸ್-100ಬಿಯ ಸಾಧಾರಣ ಮಟ್ಟ ಆರೋಗ್ಯವಂತರಲ್ಲಿಯೂ ಜನಾಂಗಾನುಸಾರ ಬೇರೆಯಾಗುವುದೆಂದು 2003ರಲ್ಲಿಯೇ ಪ್ರಕಟವಾಗಿದೆ. ಹೀಗಿರುವಾಗ ಯೂರೋಪಿನಲ್ಲಿ ಎಳೆದ ಗೆರೆಯಿಂದ ಈ ರೈತನ ರಕ್ತವನ್ನು ಅಳೆಯುವುದು ಪರರ ಕೊಳಗದಿಂದ ನಮ್ಮ ಜೋಳವನ್ನು ಅಳೆದಂತೆ.

ಇನ್ನು ರಕ್ತದ ಪ್ರಯಾಣ. ಕೆಂಪುಕಣಗಳಲ್ಲಿ ಎಲ್.ಡಿ.ಎಚ್. ರಕ್ತದ್ರವದಲ್ಲಿರುವುದಕ್ಕಿಂತ ಬಹುಪಾಲು ಅಧಿಕ. ಕವಿತಾಳದಲ್ಲಿ ತೆಗೆದ ರಕ್ತವು ಬೇಸಿಗೆಯಲ್ಲಿ, ನಲವತ್ತು ಡಿಗ್ರಿ ದಾಟಿದ ಬಿಸಿಲಿನಲ್ಲಿ, ಕುಲುಕುತ್ತ ರಾಯಚೂರನ್ನು ಸೇರುವಷ್ಟರಲ್ಲಿ ಕೆಲವು ಕಣಗಳು ಒಡೆದರೆ ಸಾಕು, ರೋಗವಿಲ್ಲದೆಯೇ ಅಂಕಿ ಏರುತ್ತದೆ. ಮಲೇರಿಯಾ, ರಕ್ತಹೀನತೆ, ಯಕೃತ್ತಿನ ವ್ಯಾಧಿ ಇವೂ ಅದನ್ನು ಏರಿಸುತ್ತವೆ. ಹಿಮಪೆಟ್ಟಿಗೆಯಲ್ಲಿ ಜೋಪಾನ ಮಾಡಿದ ದ್ರವದ ಮೇಲೆ ಸಿದ್ಧವಾದ ಪ್ರಬಂಧಗಳು ಈ ದಾರಿಯ ಧೂಳನ್ನು ಕಾಣವು. ಸಾವಿರಾರು ಪ್ರೋಟೀನುಗಳನ್ನು ಏಕಕಾಲಕ್ಕೆ ಅಳೆಯುವ ಇಂದಿನ ಯಂತ್ರಗಳಿಂದಲೂ ಈ ದೋಷ ನೀಗದು. ಅಳತೆ ಸೂಕ್ಷ್ಮವಾದಷ್ಟೂ ಸಾಗಣೆಯ ಏರುಪೇರೂ ಸೂಕ್ಷ್ಮವಾಗಿ ಅದರಲ್ಲಿ ದಾಖಲಾಗುತ್ತದೆ.

ಹಾಗೆಂದು ಈ ಶೋಧನೆಯನ್ನು ವ್ಯರ್ಥವೆನ್ನಲು ನಾವು ಸಿದ್ಧರಿಲ್ಲ. 2011ಕ್ಕೆ ಮುನ್ನ ಹರಡಿದ ಮೆಲನೋಮಾಕ್ಕೆ ಆಯುಸ್ಸನ್ನು ಖಚಿತವಾಗಿ ಹೆಚ್ಚಿಸುವ ಔಷಧವೇ ಇರಲಿಲ್ಲ. ಮರುಕಳಿಕೆಯನ್ನು ಮೊದಲೇ ತಿಳಿದು ಆಗಬೇಕಾದದ್ದೂ ಅಷ್ಟಕ್ಕಷ್ಟೆ ಆಗಿತ್ತು. ದೇಹದ ರೋಗನಿರೋಧ ಶಕ್ತಿಯ ಕಡಿವಾಣವನ್ನು ಬಿಚ್ಚುವ ಔಷಧಗಳು ಬಂದ ಮೇಲೆ ಮುಂಚಿತವಾಗಿ ತಿಳಿಯುವುದಕ್ಕೆ ಬೆಲೆ ಬಂದಿದೆ. ಆ ಔಷಧಗಳ ಬೆಲೆ ನಮ್ಮ ರೈತನ ಕೈಗೆ ಎಟುಕುವಂಥದಲ್ಲವೆಂಬುದು ಬೇರೊಂದು ದುಃಖ. ಬೆಂಗಳೂರಿನ ಕಿದ್ವಾಯಿ ಸಂಸ್ಥೆಯು ನಡೆಸಿಕೊಂಡು ಬಂದಿರುವ ಕ್ಯಾನ್ಸರ್ ನೋಂದಣಿ ಬೆಂಗಳೂರು ನಗರದ ಲೆಕ್ಕವನ್ನು ಕೊಡುತ್ತದೆ. ಮಾನ್ವಿ, ದೇವದುರ್ಗಗಳ ಹಳ್ಳಿಗಳ ಲೆಕ್ಕ ಅದರಲ್ಲಿ ಸಿಗದು.

ನಮ್ಮ ವಿದ್ಯಾರ್ಥಿಗಳಲ್ಲಿ ಯಾರಾದರೂ ಈ ಕೆಲಸಕ್ಕೆ ಕೈಹಾಕುವುದಾದರೆ, ಹೊಸ ಪ್ರೋಟೀನನ್ನು ಹುಡುಕುವ ಮೊದಲು ಈ ಸೀಮೆಯ ಇನ್ನೂರು ಆರೋಗ್ಯವಂತರ ಎಸ್-100ಬಿ ಮತ್ತು ಎಲ್.ಡಿ.ಎಚ್. ಮಟ್ಟವನ್ನು ಅಳೆದಿಡಲಿ. ಒಬ್ಬೊಬ್ಬರ ರಕ್ತವನ್ನೂ ಎರಡು ಪಾಲು ಮಾಡಿ, ಒಂದರ ದ್ರವವನ್ನು ಊರಿನಲ್ಲಿಯೇ ಬೇರ್ಪಡಿಸಿ, ಇನ್ನೊಂದನ್ನು ಹಾಗೆಯೇ ರಾಯಚೂರಿಗೆ ಕಳುಹಿಸಲಿ. ರಕ್ತ ತೆಗೆದ ಗಳಿಗೆ, ದ್ರವ ಬೇರ್ಪಡಿಸಿದ ಗಳಿಗೆ, ಆ ದಿನದ ಉಷ್ಣತೆ, ಇವನ್ನು ಪ್ರತಿಯೊಂದು ನಳಿಕೆಯ ಜೊತೆಗೂ ಬರೆದಿಡಲಿ. ಬರುವಾಗ ಪ್ರತಿಯೊಬ್ಬರ ಅಂಗಾಲನ್ನೂ ಒಮ್ಮೆ ತೊಳೆಸಿ ನೋಡಿಬರಲಿ.