ಮೈರಾವಣ ಕಾಳಗದ ದ್ವಾರಪಾಲಕ

ರಾತ್ರಿಯ ಕತ್ತಲೆಯೇ ಒಂದು ಪಾತ್ರವಾಗಿ ನಿಲ್ಲುವ ಯಕ್ಷಗಾನ ಪ್ರಸಂಗಗಳಲ್ಲಿ 'ಮೈರಾವಣ ಕಾಳಗ'ವೂ ಒಂದು. ವಾಲ್ಮೀಕಿಗಳ ಕಾವ್ಯದಲ್ಲಿ ಈ ಕಥೆಯಿಲ್ಲ. ಇದು ಜನರ ಬಾಯಲ್ಲಿ ಬೆಳೆದು ರಾಮಕಥೆಯನ್ನು ಸೇರಿದುದು. ಪಾತಾಳದೊಡೆಯನಾದ ಮೈರಾವಣನು ವಿಭೀಷಣನ ವೇಷದಿಂದ ಬಂದು ರಾಮಲಕ್ಷ್ಮಣರನ್ನು ಅಪಹರಿಸಿ, ಕಾಳಿಗೆ ಬಲಿಗೊಡಲು ಎಳಸುವನು. ಅವರನ್ನು ಅರಸುತ್ತ ಬಂದ ಆಂಜನೇಯನನ್ನು ಬಾಗಿಲಲ್ಲಿ ತಡೆಯುವವನು ಮತ್ಸ್ಯಹನುಮ. ಆಂಜನೇಯನ ಬೆವರಹನಿಯನ್ನು ಮೀನೊಂದು ನುಂಗಲಾಗಿ ಹುಟ್ಟಿದ ಮಗ. ಈ ದ್ವಾರಪಾಲಕನನ್ನು ಕುರಿತು ನಾಲ್ಕು ಮಾತು ಹೇಳುವುದು ಈ ಲೇಖನದ ಉದ್ದೇಶ.

ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಇಡಗುಂಜಿ ಮೇಳವನ್ನು ಕಟ್ಟಿದ ಹೊನ್ನಾವರ ಸೀಮೆಯ ವಾಚಕರಿಗೂ, ನೆರೆಯ ಭಟ್ಕಳ ಕುಮಟೆಗಳವರಿಗೂ ಯಕ್ಷಗಾನದ ರೀತಿಯನ್ನು ವಿವರಿಸಬೇಕಾಗಿಲ್ಲ. ಕವಿಯು ಕೊಡುವುದು ಪದ್ಯವನ್ನು. ಅರ್ಥವನ್ನು ಪಾತ್ರಧಾರಿಯು ರಂಗದಲ್ಲಿಯೇ ಕಟ್ಟಬೇಕು. ಆದುದರಿಂದ ಪಾತ್ರದ ಶೀಲವು ಬಹುಮಟ್ಟಿಗೆ ಅರ್ಥಧಾರಿಯ ವಿವೇಕವನ್ನೇ ಅವಲಂಬಿಸಿರುವುದು.

ಮತ್ಸ್ಯಹನುಮನ ಅರ್ಥವನ್ನು ಎರಡು ಬಗೆಯಾಗಿ ಕೆಡಿಸುವುದನ್ನು ಕಂಡಿದ್ದೇನೆ. ಕೆಲವರು 'ಬ್ರಹ್ಮಚಾರಿಗೆ ಮಗನೆಲ್ಲಿಂದ?' ಎಂಬ ಪ್ರಶ್ನೆಯನ್ನೇ ಹಿಗ್ಗಿಸಿ ಸಭೆಯನ್ನು ನಗಿಸುವರು. ಬಲಿಯ ಮುಹೂರ್ತವು ಸಮೀಪಿಸುತ್ತಿರುವಾಗ ಈ ನಗೆಯು ಭಯಾನಕ ರಸವನ್ನು ಕೊಲ್ಲುವುದು. ಇನ್ನು ಕೆಲವರು ತಂದೆಯ ಗುರುತು ಸಿಕ್ಕಿದೊಡನೆಯೇ ಕಾಲಿಗೆರಗಿ ದಾರಿ ಬಿಡುವರು. ಇದು ಕಣ್ಣಿಗೆ ಹಿತವಾದರೂ ಪಾತ್ರವನ್ನು ಹಗುರಮಾಡುವುದು. ಒಡೆಯನ ಅನ್ನವುಂಡವನು, ಬಾಗಿಲ ಹಿಂದಿನ ಗುಟ್ಟನ್ನು ಕಾಯುವೆನೆಂದು ಮಾತು ಕೊಟ್ಟವನು, ಒಂದು ಗಳಿಗೆಯಾದರೂ ತೊಳಲಬೇಡವೇ?

ಹಿಂದೆ ನಾನು ಮಕ್ಕಳಿಗೆ ಪಾಠ ಹೇಳುವಾಗ 'ನಿಷ್ಠೆಯೆಂದರೆ ಮತ್ಸ್ಯಹನುಮನದು' ಎಂದು ಹೊಗಳುತ್ತಿದ್ದೆ. ಒಮ್ಮೆ ಹುಡುಗನೊಬ್ಬನು, 'ಗುರುಗಳೇ, ಒಳಗೆ ಏನು ನಡೆಯುತ್ತಿದೆಯೆಂದು ಅವನು ಕೇಳಿದ್ದನೇ?' ಎಂದನು. ಆ ದಿನ ನನ್ನಲ್ಲಿ ಉತ್ತರವಿರಲಿಲ್ಲ. ಈ ಪಾತ್ರದ ಜೀವಾಳವು ಆ ಪ್ರಶ್ನೆಯಲ್ಲಿಯೇ ಇದೆಯೆಂದು ಈಗ ತೋರುತ್ತದೆ.

ವಾಲ್ಮೀಕಿಯ ಕುಂಭಕರ್ಣನು ಅಣ್ಣನ ತಪ್ಪನ್ನು ಎದುರಿಗೇ ಆಡಿ, ಬಳಿಕ ಅವನಿಗಾಗಿ ಹೋರಾಡಿ ಮಡಿದನು. ವಿಭೀಷಣನು ತಪ್ಪನ್ನು ಆಡಿ ಹೊರಟುಹೋದನು. ಇಬ್ಬರೂ ತಿಳಿದು ನಡೆದವರು. ನಮ್ಮ ದ್ವಾರಪಾಲಕನಾದರೋ ತಿಳಿಯದೆಯೇ ನಿಂತವನು. ಒಳಗೆ ದೇವಿಯ ಪೂಜೆಯೆಂದು ನಂಬಿದವನಿಗೆ, ಅದು ನರಬಲಿಯೆಂದು ತಂದೆಯಿಂದ ತಿಳಿಯುವುದು. ಇದೇ ಪ್ರಸಂಗದಲ್ಲಿ ಮೈರಾವಣನ ಸೋದರಿಯು ತನ್ನ ಮಗನ ಪ್ರಾಣಕ್ಕಾಗಿ ಅಣ್ಣನ ಗುಟ್ಟನ್ನು ಒಡೆಯುವಳು. ಗುಟ್ಟನ್ನು ಕಾಯುವ ಮಗನೊಬ್ಬ, ಗುಟ್ಟನ್ನು ಒಡೆಯುವ ತಾಯಿಯೊಬ್ಬಳು. ಇವರಿಬ್ಬರನ್ನು ಎದುರುಬದುರಾಗಿ ನಿಲ್ಲಿಸಿ ನೋಡಿದರೆ ಕಥೆಯ ಆಳವು ಗೋಚರವಾಗುವುದು.

ಹೀಗಿರಲು ಅರ್ಥಧಾರಿಗಳಲ್ಲಿ ನನ್ನ ವಿಜ್ಞಾಪನೆಯಿಷ್ಟೆ. ಮತ್ಸ್ಯಹನುಮನು ಕಾದಲಿ, ಸೋಲಲಿ. ಆದರೆ ಕಾದುವ ಮೊದಲು ಒಮ್ಮೆ ತಾನು ಕಾಯುತ್ತಿರುವ ಬಾಗಿಲ ಕಡೆಗೆ ತಿರುಗಿ ನೋಡಲಿ. ಆ ಒಂದು ನೋಟದಿಂದ ವೀರದೊಳಗೆ ಕರುಣವು ಹುಟ್ಟುವುದು. ಪ್ರಸಿದ್ಧವಾದ ಪಾಠಗಳಲ್ಲಿ ಕೊನೆಗೆ ಪಾತಾಳದ ಪಟ್ಟವು ಇವನಿಗೇ ಸಲ್ಲುವುದು. ಬಾಗಿಲ ಒಳಗೇನಿದೆಯೆಂದು ಕೇಳಲು ಕಲಿತವನಿಗೆ ಮಾತ್ರ ಆ ಪಟ್ಟವು ಒಪ್ಪುವುದು. ದೇವರ ಹೆಸರಿನಲ್ಲಿ ಬಾಗಿಲು ಕಾಯುವ ಎಲ್ಲರಿಗೂ ಈ ಮಾತು ಸಲ್ಲುತ್ತದೆ.